ಮಹಾಯುದ್ಧಕ್ಕೆ ಕಾರಣರು ಯಾರು?



ನೆಲ್ಯಾಡಿಯಿಂದ ಮೂಡಣ ದಿಕ್ಕಿಗೆ ಗುಂಡ್ಯವನ್ನು ದಾಟಿ ಶಿರಾಡಿ ಘಾಟಿಯನ್ನು ಹತ್ತಿ ಹೋಗುವ ಹೆದ್ದಾರಿಯನ್ನು ಈ ಸೀಮೆಯ ಸಭೆಗಳವರು ಚೆನ್ನಾಗಿ ಬಲ್ಲರು. ಮಳೆಗಾಲದಲ್ಲಿ ಅಲ್ಲಿ ಗುಡ್ಡ ಜರಿದು ದಾರಿ ಕಟ್ಟಿಹೋಯಿತೆಂಬ ವರ್ತಮಾನ ಬಂದಾಗ, ಅದಕ್ಕೆ ಕಾರಣವೇನೆಂದು ಕೇಳಿದರೆ ಎರಡು ವಿಧವಾದ ಉತ್ತರಗಳು ಸಿಕ್ಕುವವು. ನಿನ್ನಿನ ರಾತ್ರಿ ಎಡೆಬಿಡದೆ ಸುರಿದ ಮಳೆಯೇ ಕಾರಣವೆಂದು ಒಬ್ಬನು ಹೇಳುವನು. ರಸ್ತೆಯನ್ನು ಅಗಲಮಾಡುವದಕ್ಕೋಸ್ಕರ ಗುಡ್ಡದ ಬುಡವನ್ನು ಗೋಡೆಯಂತೆ ಕಡಿದದ್ದೂ ನೀರು ಇಳಿಯುವ ದಾರಿಯನ್ನು ಕೆಡಿಸಿದ್ದೂ ಕಾರಣವೆಂದು ಇನ್ನೊಬ್ಬನು ಹೇಳುವನು. ಇಬ್ಬರ ಮಾತೂ ಸತ್ಯ. ಮೊದಲನೆಯದು ಹತ್ತಿರದ ಕಾರಣ, ಎರಡನೆಯದು ದೂರದ ಕಾರಣ. ಹತ್ತಿರದ್ದು ಎಲ್ಲರ ಕಣ್ಣಿಗೆ ಬೀಳುತ್ತದೆ, ದೂರದ್ದು ಬೀಳುವದಿಲ್ಲ. ಆದರೆ ಎರಡೂ ಕೂಡದೆ ಮಣ್ಣು ಕೆಳಗಿಳಿಯದು.

೧೯೧೪ನೆಯ ಇಸವಿಯಲ್ಲಿ ಯೂರೋಪು ಖಂಡದಲ್ಲಿ ಹೊತ್ತಿದ ಮಹಾಯುದ್ಧದ ವಿಷಯದಲ್ಲಿ ವಿದ್ವಾಂಸರು ನೂರು ವರುಷಗಳಿಗಿಂತ ಹೆಚ್ಚು ಕಾಲ ಇದೇ ರೀತಿಯಾಗಿ ವಿಚಾರಿಸುತ್ತಾ ಬಂದಿದ್ದಾರೆ. ಎಲ್ಲಿಯದೋ ಅರಸರ ಜಗಳದ ಕಾರಣವನ್ನು ತಿಳಿದು ನಮಗೆ ಆಗಬೇಕಾದದ್ದೇನು ಎಂದು ಕೆಲವರು ಕೇಳಬಹುದು. ನಮ್ಮ ಜಿಲ್ಲೆಯ ಸಭೆಗಳಲ್ಲಿ ಈ ಪ್ರಶ್ನೆ ಸಲ್ಲದು. ಯಾಕಂದರೆ ಆ ಯುದ್ಧದಲ್ಲಿ ಒಂದು ತೋಪಿನ ಶಬ್ದವೂ ಕೇಳಿಬಾರದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಅದರ ಪೆಟ್ಟು ಮೊದಲು ಬಿದ್ದದ್ದು ಸಭೆಗಳ ಮೇಲೆಯೇ.

ಬಾಸೆಲ್ ಮಿಶನ್ ಹುಟ್ಟಿದ್ದು ೧೮೧೫ರಲ್ಲಿ. ನೆಪೋಲಿಯನನ ಯುದ್ಧಗಳು ಮುಗಿದದ್ದೂ ಅದೇ ವರುಷದಲ್ಲಿ. ಹ್ಯೂನಿಂಗನ್ ಕೋಟೆಯಿಂದ ಬಾಸೆಲ್ ಪಟ್ಟಣದ ಮೇಲೆ ಗುಂಡುಗಳು ಬಿದ್ದದ್ದೂ ಅದೇ ವರುಷದಲ್ಲಿ. ೧೮೩೪ನೆಯ ಅಕ್ಟೋಬರ್ ತಿಂಗಳಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದರು. ಮಂಗಳೂರ ಸಮಾಚಾರವನ್ನು ೧೮೪೩ರಲ್ಲಿ ಹೊರಡಿಸಿದ ಮೊಗ್ಲಿಂಗರೂ, ೧೮೯೪ರಲ್ಲಿ ಕನ್ನಡ ನಿಘಂಟನ್ನು ಅಚ್ಚುಹಾಕಿಸಿದ ಕಿಟ್ಟೆಲರೂ, ೧೮೬೫ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದ ಪ್ಲೆಬ್ಸ್ಟರೂ ಈ ಮಿಶನಿಗೆ ಸೇರಿದವರೇ. ಮಿಶನಿನ ಮುಖ್ಯಸ್ಥಾನವಾದ ಬಾಸೆಲ್ ಸ್ವಿಟ್ಜರ್ಲೆಂಡಿನಲ್ಲಿದ್ದರೂ ಕೆಲಸಗಾರರಲ್ಲಿ ಬಹುಮಂದಿ ಜರ್ಮನಿಯವರು, ವಿಶೇಷವಾಗಿ ವುರ್ಟೆಂಬರ್ಗ್ ಸೀಮೆಯವರು. ಎಂಭತ್ತು ವರುಷ ಈ ಭೇದವನ್ನು ಯಾರೂ ಲೆಕ್ಕಕ್ಕೆ ತರಲಿಲ್ಲ. ಹಳ್ಳಿಯ ವಿಶ್ವಾಸಿಗೆ ಪಾದ್ರಿಯವರು ಪಾದ್ರಿಯವರೇ ಹೊರತು ಜರ್ಮನರಲ್ಲ, ಸ್ವಿಸ್ಸರಲ್ಲ.

೧೯೧೪ನೆಯ ಆಗಸ್ಟ್ ೪ರಂದು ಬ್ರಿಟಿಷ್ ಸರಕಾರವು ಜರ್ಮನಿಯ ಮೇಲೆ ಯುದ್ಧವನ್ನು ಸಾರಿತು. ಹಿಂದೂಸ್ಥಾನದ ಜನರನ್ನು ಕೇಳದೆಯೇ ವೈಸರಾಯರು ಈ ದೇಶವೂ ಯುದ್ಧದಲ್ಲಿರುವದೆಂದು ಪ್ರಕಟಿಸಿದರು. ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ನಮ್ಮ ಜಿಲ್ಲೆಯಲ್ಲಿ ಸರಕಾರದ ಲೆಕ್ಕಕ್ಕೆ ಜರ್ಮನ್ ಬೋಧಕರು ಆ ಹೊತ್ತಿನಿಂದ ಶತ್ರುದೇಶದವರಾದರು. ಸೆಪ್ಟೆಂಬರ್ ೨೨ರ ರಾತ್ರಿ ಎಮ್ಡೆನ್ ಎಂಬ ಜರ್ಮನ್ ಹಡಗು ಮದ್ರಾಸಿನ ಎಣ್ಣೆಯ ತೊಟ್ಟಿಗಳ ಮೇಲೆ ಗುಂಡು ಹಾರಿಸಿದ ಮೇಲೆ ಸಂಶಯವು ಇನ್ನೂ ಹೆಚ್ಚಿತು. ಬೋಧಕರಲ್ಲಿ ಅನೇಕರನ್ನು ಅಹಮದ್‌ನಗರದ ಶಿಬಿರದಲ್ಲಿ ಕಾವಲಲ್ಲಿಟ್ಟರು. ೧೯೧೫-೧೬ರಲ್ಲಿ ಜರ್ಮನ್ ಮಿಶನೆರಿಗಳನ್ನು ಅವರ ಕುಟುಂಬಗಳ ಸಹಿತವಾಗಿ ಗೋಲ್ಕೊಂಡ ಎಂಬ ಹಡಗಿನಲ್ಲಿ ಹತ್ತಿಸಿ ಯೂರೋಪಿಗೆ ಕಳುಹಿಸಿದರು. ಶಾಲೆಗಳೂ ಕಾರ್ಖಾನೆಗಳೂ ನೇಯ್ಗೆಯ ಮಗ್ಗಗಳೂ ಇಲ್ಲಿಯೇ ಉಳಿದವು. ಅವುಗಳಿಂದ ಅನ್ನವನ್ನು ಉಣ್ಣುತ್ತಿದ್ದ ಕುಟುಂಬಗಳೂ ಉಳಿದವು.

ಇಷ್ಟಕ್ಕೆಲ್ಲ ಕಾರಣರು ಯಾರು? ಸರಜೇವೋ ಎಂಬ ಊರಲ್ಲಿ ಪಿಸ್ತೂಲು ಹಾರಿಸಿದ ಹತ್ತೊಂಭತ್ತು ವರುಷದ ಹುಡುಗನೋ? ಅವನಿಗಿಂತ ಮೊದಲೇ ಗುಡ್ಡದ ಬುಡವನ್ನು ಕಡಿದವರೋ?

ದೂರದ ಕಾರಣಗಳನ್ನು ಮೊದಲು ನೋಡೋಣ. ೧೮೭೧ರಲ್ಲಿ ಜರ್ಮನರು ಫ್ರೆಂಚರನ್ನು ಸೋಲಿಸಿ, ಸೋತವರ ಅರಮನೆಯಾದ ವರ್ಸಾಯಿಯಲ್ಲಿಯೇ ತಮ್ಮ ಅರಸನನ್ನು ಚಕ್ರವರ್ತಿಯೆಂದು ಸಾರಿ, ಆಲ್ಸೇಸ್ ಪ್ರಾಂತವನ್ನೂ ಲೊರೇನಿನ ಒಂದು ಭಾಗವನ್ನೂ ಕಿತ್ತುಕೊಂಡರು. ಗದ್ದೆಯ ಹುಣಿಯನ್ನು ಒತ್ತಿದವನ ಹೆಸರನ್ನು ಮೊಮ್ಮಕ್ಕಳ ವರೆಗೆ ಮರೆಯದ ನಮ್ಮ ಜನರಿಗೆ, ಫ್ರೆಂಚರು ನಲ್ವತ್ತಮೂರು ವರುಷ ಇದನ್ನು ಮರೆಯಲಿಲ್ಲವೆಂಬದು ಆಶ್ಚರ್ಯವಾಗದು. ಜರ್ಮನಿಯು ಆಸ್ಟ್ರಿಯ, ಇಟಲಿಗಳೊಂದಿಗೆ ೧೮೮೨ರಲ್ಲಿ ಒಡಂಬಡಿಕೆ ಮಾಡಿಕೊಂಡಿತು. ಫ್ರಾನ್ಸು ೧೮೯೪ರಲ್ಲಿ ರಶ್ಯದೊಂದಿಗೆ ಕೂಡಿತು. ಇಂಗ್ಲೆಂಡ್ ೧೯೦೪ರಲ್ಲಿ ಫ್ರಾನ್ಸಿನೊಂದಿಗೂ ೧೯೦೭ರಲ್ಲಿ ರಶ್ಯದೊಂದಿಗೂ ರಾಜಿಮಾಡಿಕೊಂಡಿತು. ಪ್ರತಿಯೊಂದು ಒಡಂಬಡಿಕೆಯನ್ನು ಬರೆದವರು ಇದು ಆತ್ಮರಕ್ಷಣೆಗೋಸ್ಕರವೆಂದೇ ಹೇಳಿದರು, ಹಾಗೆಯೇ ನಂಬಿದರು ಸಹ. ಆದರೆ ಬೇಲಿಯ ಈಚೆಯವನು ತನ್ನ ರಕ್ಷಣೆಗಾಗಿ ಸಾಕಿದ ನಾಯಿ ಆಚೆಯವನಿಗೆ ಕಚ್ಚುವ ನಾಯಿಯಾಗಿಯೇ ಕಾಣುತ್ತದೆ.

ನೌಕಾಬಲದ ಸ್ಪರ್ಧೆಯೂ ಹೀಗೆಯೇ ಬೆಳೆಯಿತು. ೧೯೦೬ರಲ್ಲಿ ಇಂಗ್ಲಿಷರು ಡ್ರೆಡ್‌ನಾಟ್ ಎಂಬ ಹೊಸ ತರದ ಯುದ್ಧನೌಕೆಯನ್ನು ನೀರಿಗಿಳಿಸಿದರು. ಹಳೆಯ ಹಡಗುಗಳೆಲ್ಲ ಅದರ ಮುಂದೆ ಆಟಿಕೆಗಳಾದವು. ಆ ಮೇಲೆ ಜರ್ಮನರು ಅಂಥದನ್ನು ಕಟ್ಟಿದರು, ಇಂಗ್ಲಿಷರು ಇನ್ನಷ್ಟು ಕಟ್ಟಿದರು. ಇದಕ್ಕೂ ಹಿಂದೆ, ೧೮೮೪-೮೫ರಲ್ಲಿ ಬರ್ಲಿನಿನಲ್ಲಿ ಯೂರೋಪಿನ ರಾಜ್ಯಗಳು ಕೂಡಿ ಆಫ್ರಿಕವನ್ನು ಹಂಚಿಕೊಳ್ಳುವ ನಿಯಮಗಳನ್ನು ಮಾಡಿದ್ದವು. ಆ ಮೇಜಿನ ಸುತ್ತಲೂ ಆಫ್ರಿಕದವನು ಒಬ್ಬನೂ ಕೂತಿರಲಿಲ್ಲ. ಮೊರಾಕೋ ದೇಶದ ಮೇಲಣ ಹಕ್ಕಿಗಾಗಿ ೧೯೦೫ರಲ್ಲಿಯೂ ೧೯೧೧ರಲ್ಲಿಯೂ ಯುದ್ಧವಾಗುವಷ್ಟು ಜಗಳವಾಯಿತು. ಪರರ ಭೂಮಿಯನ್ನು ಹಂಚಿಕೊಳ್ಳುವವರ ನಡುವೆ ಸಮಾಧಾನವು ಎಷ್ಟು ಕಾಲ ನಿಂತೀತು? ಇಲ್ಲಿ ನಮ್ಮ ಹಿರಿಯರ ವಿಷಯದಲ್ಲಿಯೂ ಒಂದು ಮಾತನ್ನು ಹೇಳಲೇಬೇಕು. ಮಿಶನೆರಿಗಳು ತಾವು ರಾಜಕಾರ್ಯಗಳಿಂದ ಹೊರಗಿರುವವರೆಂದು ಎಣಿಸಿದ್ದರು. ಆದರೆ ಅವರು ಬಂದದ್ದು ಆ ಸಾಮ್ರಾಜ್ಯಗಳು ಕಾದ ಸಮುದ್ರದ ದಾರಿಯಲ್ಲಿಯೇ, ಇದ್ದದ್ದು ಅವುಗಳ ಧ್ವಜದ ನೆರಳಿನಲ್ಲಿಯೇ. ನೆರಳನ್ನು ಕೊಟ್ಟ ಮರವು ಮುರಿದು ಬಿದ್ದಾಗ ಕೆಳಗಿದ್ದವರಿಗೂ ಪೆಟ್ಟಾಯಿತು.

ಆಗ್ನೇಯ ದಿಕ್ಕಿನ ಬಾಲ್ಕನ್ ಸೀಮೆಯಲ್ಲಿ ತುರ್ಕರ ದೊರೆತನವು ಕುಗ್ಗುತ್ತಾ ಬಂದಿತ್ತು. ಸರ್ಬರು ಹೆಚ್ಚಾಗಿ ವಾಸಿಸುತ್ತಿದ್ದ ಬೋಸ್ನಿಯವನ್ನು ಆಸ್ಟ್ರಿಯವು ೧೯೦೮ರಲ್ಲಿ ತನ್ನ ರಾಜ್ಯಕ್ಕೆ ಸೇರಿಸಿಕೊಂಡಿತು. ಪಕ್ಕದ ಸರ್ಬಿಯ ರಾಜ್ಯದವರು ಇದನ್ನು ಸಹಿಸಲಿಲ್ಲ. ೧೯೧೨ರಲ್ಲಿಯೂ ೧೯೧೩ರಲ್ಲಿಯೂ ಅಲ್ಲಿ ಎರಡು ಯುದ್ಧಗಳಾದವು. ಸರ್ಬಿಯದ ಹಿಂದೆ ರಶ್ಯ, ಆಸ್ಟ್ರಿಯದ ಹಿಂದೆ ಜರ್ಮನಿ. ದೂರದ ಕಾರಣಗಳು ಇಷ್ಟು ಸಾಕು.

ಇನ್ನು ಹತ್ತಿರದ ಕಾರಣ. ೧೯೧೪ನೆಯ ಜೂನ್ ೨೮ ಆದಿತ್ಯವಾರವಾಗಿತ್ತು. ಆಸ್ಟ್ರಿಯದ ಯುವರಾಜನಾದ ಫ್ರಾನ್ಸ್ ಫರ್ಡಿನಾಂಡನು ತನ್ನ ಹೆಂಡತಿಯಾದ ಸೋಫಿಯಳ ಸಂಗಡ ಬೋಸ್ನಿಯದ ಸರಜೇವೋ ಪಟ್ಟಣಕ್ಕೆ ಬಂದನು. ದಾರಿಯಲ್ಲಿ ಒಬ್ಬನು ಎಸೆದ ಬಾಂಬು ಗುರಿತಪ್ಪಿ ಹಿಂದಿನ ಬಂಡಿಯವರನ್ನು ಗಾಯಪಡಿಸಿತು. ಪುರಭವನದಲ್ಲಿ ಸ್ವಾಗತವು ತೀರಿದ ಮೇಲೆ ಯುವರಾಜನು ಗಾಯಾಳುವನ್ನು ನೋಡುವದಕ್ಕೆ ಆಸ್ಪತ್ರೆಗೆ ಹೋಗುವೆನೆಂದನು. ದಾರಿ ಬದಲಾದದ್ದನ್ನು ಚಾಲಕನಿಗೆ ಯಾರೂ ತಿಳಿಸಲಿಲ್ಲ. ಅವನು ಹಳೆಯ ದಾರಿಗೆ ತಿರುಗಿ, ತಪ್ಪೆಂದು ಕೂಗಿದಾಗ ಮೋಟಾರನ್ನು ನಿಲ್ಲಿಸಿದನು. ನಿಂತ ಸ್ಥಳದಲ್ಲಿಯೇ ಗಾವ್ರಿಲೋ ಪ್ರಿನ್ಸಿಪ್ ಎಂಬ ಹುಡುಗನಿದ್ದನು. ಎರಡು ಗುಂಡುಗಳು, ಎರಡು ಪ್ರಾಣಗಳು. ರೋಗಿಯನ್ನು ನೋಡಬೇಕೆಂಬ ದಯೆಯ ಕಾರ್ಯವೂ ಮರಣದ ದಾರಿಯಾದದ್ದನ್ನು ಓದಿದಾಗ ಮನಸ್ಸು ಸ್ವಲ್ಪ ಹೊತ್ತು ಸುಮ್ಮಗಾಗುತ್ತದೆ.

ಆದರೆ ಈ ಕೊಲೆಯಿಂದ ಯುದ್ಧವಾಯಿತೆಂದು ಹೇಳುವವರು ನಡುವಿನ ದಿವಸಗಳನ್ನು ಎಣಿಸುವದಿಲ್ಲ. ಜೂನ್ ೨೮ರಿಂದ ಆಗಸ್ಟ್ ೪ರ ವರೆಗೆ ಐದು ವಾರಗಳಿದ್ದವು. ಜುಲೈ ೫ರಂದು ಜರ್ಮನ್ ಚಕ್ರವರ್ತಿಯಾದ ಕೈಸರ್ ವಿಲ್ಹೆಲ್ಮನು ಆಸ್ಟ್ರಿಯದ ರಾಯಭಾರಿಗೆ, ನೀವು ಸರ್ಬಿಯದ ವಿಷಯದಲ್ಲಿ ಏನು ಮಾಡಿದರೂ ನಾವು ನಿಮ್ಮ ಕಡೆ ಇರುವೆವೆಂದು ಮಾತುಕೊಟ್ಟನು. ಮರುದಿವಸ ನಾರ್ವೆಯ ಕಡೆಗೆ ವಿಹಾರಕ್ಕಾಗಿ ಹಡಗು ಹತ್ತಿದನು. ಮೊತ್ತವನ್ನು ಬರೆಯದೆ ಸಹಿ ಹಾಕಿ ಕೊಟ್ಟ ಕಾಗದ ಎಷ್ಟು ಅಪಾಯಕರವೆಂದು ಸಾಲ ಮಾಡಿದ ಯಾವ ರೈತನೂ ಅವನಿಗೆ ಹೇಳಬಹುದಾಗಿತ್ತು.

ಜುಲೈ ೨೩ರಿಂದ ಆಗಸ್ಟ್ ೪ರ ವರೆಗಿನ ಹದಿಮೂರು ದಿವಸಗಳು ನಮ್ಮಲ್ಲಿ ಆಟಿ ತಿಂಗಳ ದಿವಸಗಳು. ಇಲ್ಲಿ ಏಣೇಲಿನ ಗದ್ದೆಗಳಲ್ಲಿ ನೀರು ತುಂಬಿ ನಿಂತಿರುವ ಆ ಕಾಲದಲ್ಲಿ ಅಲ್ಲಿ ಬೇಸಗೆ. ಜುಲೈ ೨೩ರ ಸಾಯಂಕಾಲ ಆಸ್ಟ್ರಿಯವು ಸರ್ಬಿಯಕ್ಕೆ ಹತ್ತು ಬೇಡಿಕೆಗಳುಳ್ಳ ಪತ್ರವನ್ನು ಕೊಟ್ಟು, ನಲ್ವತ್ತೆಂಟು ತಾಸುಗಳಲ್ಲಿ ಉತ್ತರ ಬೇಕೆಂದಿತು. ಸರ್ಬಿಯವು ಬಹುಭಾಗವನ್ನು ಒಪ್ಪಿ, ಮುಖ್ಯವಾಗಿ ತನ್ನ ನ್ಯಾಯವಿಚಾರಣೆಯಲ್ಲಿ ಆಸ್ಟ್ರಿಯದ ಅಧಿಕಾರಿಗಳು ಕೈಹಾಕುವದನ್ನು ಒಪ್ಪಲಿಲ್ಲ. ವಿಹಾರದಿಂದ ಹಿಂತಿರುಗಿದ ಕೈಸರನು ಜುಲೈ ೨೮ರ ಬೆಳಿಗ್ಗೆ ಆ ಉತ್ತರವನ್ನು ಓದಿ, ಇನ್ನು ಯುದ್ಧಕ್ಕೆ ಕಾರಣವೇ ಉಳಿಯಲಿಲ್ಲವೆಂಬ ಅಭಿಪ್ರಾಯವನ್ನು ತನ್ನ ಕೈಯಿಂದಲೇ ಬರೆದನು. ಅದೇ ದಿವಸ ಆಸ್ಟ್ರಿಯವು ಯುದ್ಧವನ್ನು ಸಾರಿತು.

ಇಂಗ್ಲೆಂಡಿನ ಅರಸನಾದ ಐದನೆಯ ಜಾರ್ಜನೂ ಕೈಸರನೂ ವಿಕ್ಟೋರಿಯ ರಾಣಿಯವರ ಮೊಮ್ಮಕ್ಕಳು. ರಶ್ಯದ ಚಕ್ರವರ್ತಿಯಾದ ನಿಕೊಲಾಸನ ಹೆಂಡತಿಯೂ ಆ ರಾಣಿಯ ಮೊಮ್ಮಗಳೇ. ದಾಯಾದಿಗಳ ಕಲಹವೆಂಬದು ನಮ್ಮ ದೇಶಕ್ಕೆ ಹೊಸದಲ್ಲವಷ್ಟೆ. ಜುಲೈ ೨೯ರಿಂದ ಕೈಸರನೂ ನಿಕೊಲಾಸನೂ ವಿಲ್ಲಿ, ನಿಕ್ಕಿ ಎಂಬ ಬಾಲ್ಯದ ಹೆಸರುಗಳಿಂದ ಒಬ್ಬರಿಗೊಬ್ಬರು ಇಂಗ್ಲಿಷಿನಲ್ಲಿ ತಂತಿ ಕಳುಹಿಸುತ್ತಾ ಇದ್ದರು. ಒಂದು ತಂತಿಯನ್ನು ಓದಿ ನಿಕೊಲಾಸನು ಸರ್ವಸೈನ್ಯವನ್ನು ಕೂಡಿಸುವ ಆಜ್ಞೆಯನ್ನು ಹಿಂದಕ್ಕೆ ತೆಗೆದುಕೊಂಡನು. ಮರುದಿವಸ ಮಂತ್ರಿಗಳೂ ಸೇನಾಪತಿಗಳೂ ಒತ್ತಾಯಪಡಿಸಿದಾಗ ಮತ್ತೆ ಕೊಟ್ಟನು. ಒಂದು ರಾತ್ರಿ ಸಮಾಧಾನವು ಒಬ್ಬ ಮನುಷ್ಯನ ಮನಸ್ಸಿನಲ್ಲಿ ನಿಂತಿತ್ತು, ಹಗಲಿಗೆ ಬಿದ್ದುಹೋಯಿತು.

ಆಗಸ್ಟ್ ೧ರಂದು ಜರ್ಮನಿಯು ರಶ್ಯದ ಮೇಲೆ ಯುದ್ಧವನ್ನು ಸಾರಿತು. ಜರ್ಮನ್ ಸೇನಾಪತಿಗಳು ಬಹು ಕಾಲದಿಂದ ಮಾಡಿಟ್ಟಿದ್ದ ಯೋಜನೆಯ ಪ್ರಕಾರ, ಯುದ್ಧವು ಯಾವ ದಿಕ್ಕಿನಿಂದ ಬಂದರೂ ಮೊದಲು ಬೆಲ್ಜಿಯಮಿನ ಮೇಲಿಂದ ಫ್ರಾನ್ಸಿಗೆ ನುಗ್ಗಬೇಕು. ಅದೇ ದಿವಸ ಲಂಡನಿನಿಂದ ಬಂದ ಒಂದು ತಂತಿಯಿಂದ, ಫ್ರಾನ್ಸು ಸುಮ್ಮನಿರಬಹುದೆಂಬ ಆಸೆ ಹುಟ್ಟಿ, ಕೈಸರನು ತನ್ನ ಸೇನಾಪತಿಯಾದ ಮೋಲ್ಟ್ಕೆಯನ್ನು ಕರೆದು, ದಂಡನ್ನು ರಶ್ಯದ ಕಡೆಗೆ ಮಾತ್ರ ತಿರುಗಿಸೆಂದನು. ಸಾವಿರಾರು ರೈಲುಗಾಡಿಗಳ ವೇಳಾಪಟ್ಟಿಯು ಒಂದು ವರುಷದ ಪ್ರಯಾಸದಿಂದ ಸಿದ್ಧವಾದದ್ದು, ಈಗ ಬದಲಾಯಿಸುವದು ಅಸಾಧ್ಯವೆಂದು ಮೋಲ್ಟ್ಕೆಯು ಉತ್ತರಕೊಟ್ಟನು. ಆ ಆಸೆಗೆ ಆಧಾರವಿಲ್ಲವೆಂದು ಆ ರಾತ್ರಿಯೇ ತಿಳಿದುಬಂದದ್ದು ಬೇರೆ ಸಂಗತಿ. ಯುದ್ಧವು ತೀರಿದ ಮೇಲೆ, ಜರ್ಮನ್ ರೈಲು ವಿಭಾಗದ ಮುಖ್ಯಸ್ಥನಾಗಿದ್ದ ಜನರಲ್ ಸ್ಟಾಬನು ೧೯೨೫ರಲ್ಲಿ ಒಂದು ಪುಸ್ತಕವನ್ನು ಬರೆದು, ಆ ಬದಲಾವಣೆಯು ಸಾಧ್ಯವಿತ್ತೆಂದು ಲೆಕ್ಕಸಹಿತವಾಗಿ ತೋರಿಸಿದನು. ಅಂದರೆ, ಅಸಾಧ್ಯವೆಂಬ ಮಾತೇ ನಿಜವಾಗಿರಲಿಲ್ಲ. ೧೮೩೯ರ ಒಡಂಬಡಿಕೆಯಿಂದ ಯುದ್ಧಗಳಿಗೆ ಹೊರಗಾಗಿದ್ದ ಬೆಲ್ಜಿಯಮಿನೊಳಗೆ ಆಗಸ್ಟ್ ೪ರಂದು ಜರ್ಮನ್ ದಂಡು ಹೊಕ್ಕಿತು. ಆ ರಾತ್ರಿಗೆ ಇಂಗ್ಲೆಂಡೂ ಯುದ್ಧದೊಳಗೆ ಬಂದಿತು.

ಈಗ ನಮ್ಮ ಪ್ರಶ್ನೆಗೆ ಬರೋಣ. ಆ ಕಾಲದಲ್ಲಿ ಇಂಗ್ಲೆಂಡಿನ ಮಂತ್ರಿಯಾಗಿದ್ದ ಲಾಯ್ಡ್ ಜಾರ್ಜನು ಯುದ್ಧವು ತೀರಿ ಎಷ್ಟೋ ವರುಷಗಳಾದ ಮೇಲೆ, ರಾಷ್ಟ್ರಗಳೆಲ್ಲ ಬೇಕೆಂದಲ್ಲ, ಜಾರಿ ಯುದ್ಧದೊಳಗೆ ಬಿದ್ದವೆಂಬ ಅರ್ಥದಲ್ಲಿ ಬರೆದನು. ೨೦೧೨ರಲ್ಲಿ ಕ್ರಿಸ್ಟೊಫರ್ ಕ್ಲಾರ್ಕ್ ಎಂಬ ಚರಿತ್ರಕಾರರು ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಅಂದಿನ ಅಧಿಕಾರಿಗಳನ್ನು ನಿದ್ದೆಯಲ್ಲಿ ನಡೆಯುವವರಿಗೆ ಹೋಲಿಸಿದರು. ಅವರಿಗಿಂತ ಅರ್ಧ ಶತಮಾನದ ಮೊದಲು, ೧೯೬೧ರಲ್ಲಿ, ಫ್ರಿಟ್ಸ್ ಫಿಶರ್ ಎಂಬ ಜರ್ಮನ್ ಪಂಡಿತರು ತಮ್ಮ ದೇಶದ ಹೊಣೆಯೇ ದೊಡ್ಡದೆಂದು ವಾದಿಸಿ ಸ್ವಜನರ ಕೋಪಕ್ಕೆ ಗುರಿಯಾಗಿದ್ದರು. ಪಂಡಿತರ ವಾದವು ಮುಂದರಿಯಲಿ. ಆದರೆ ಜಾರಿದರೆಂಬ ಮಾತನ್ನು ನಾವು ತೂಗಿ ನೋಡದೆ ತೆಗೆದುಕೊಳ್ಳಬಾರದು. ಗುಡ್ಡಕ್ಕೆ ಮನಸ್ಸಿಲ್ಲ. ಮಳೆ ಬಂದಾಗ, ಇವತ್ತು ಬೇಡ, ನಾಳೆ ನೋಡೋಣ ಎಂದು ಹೇಳುವ ಶಕ್ತಿ ಮಣ್ಣಿಗಿಲ್ಲ. ನಿಕೊಲಾಸನಿಗೆ ಅದು ಇತ್ತು. ಒಂದು ರಾತ್ರಿಯ ಮಟ್ಟಿಗೆ ಅವನು ಅದನ್ನು ಉಪಯೋಗಿಸಿದನು ಸಹ. ಕೈಸರನಿಗೆ ಜುಲೈ ೫ರಂದು ಇತ್ತು. ಆಸ್ಟ್ರಿಯದ ಮಂತ್ರಿಗಳಿಗೆ ಆ ಐದು ವಾರಗಳ ಪ್ರತಿದಿವಸದಲ್ಲಿಯೂ ಇತ್ತು. ಆದ ಕಾರಣ ದೂರದ ಕಾರಣಗಳು ಯುದ್ಧವನ್ನು ಸಾಧ್ಯಮಾಡಿದವು, ಸುಲಭವೂ ಮಾಡಿದವು; ಅನಿವಾರ್ಯ ಮಾಡಲಿಲ್ಲ. ಅದೇ ಒಡಂಬಡಿಕೆಗಳೂ ಅದೇ ಹಡಗುಗಳೂ ೧೯೧೧ರಲ್ಲಿಯೂ ಇದ್ದವು. ಆಗ ಕೆಲವರು ಮಾತಾಡಿದ್ದರಿಂದ ಯುದ್ಧವಾಗಲಿಲ್ಲ.

ಮನುಷ್ಯನು ತನ್ನ ಕಾರ್ಯಕ್ಕೆ ಬೇರೆ ಕಾರಣವನ್ನು ಹುಡುಕುವದು ಹಳೆಯ ರೋಗ. ಏದೆನ್ ತೋಟದಲ್ಲಿ ಆದಾಮನು ಹವ್ವಳ ಮೇಲೆ ಹಾಕಿದನು, ಹವ್ವಳು ಸರ್ಪದ ಮೇಲೆ ಹಾಕಿದಳು. ೧೯೧೪ರಲ್ಲಿ ಆಸ್ಟ್ರಿಯವು ಸರ್ಬಿಯವನ್ನು ತೋರಿಸಿತು, ಜರ್ಮನಿಯು ರಶ್ಯವನ್ನು, ರಶ್ಯವು ಆಸ್ಟ್ರಿಯವನ್ನು. ಮೋಲ್ಟ್ಕೆಯು ತೋರಿಸಿದ್ದು ರೈಲಿನ ವೇಳಾಪಟ್ಟಿಯನ್ನು. ನನ್ನ ಎಣಿಕೆಯಲ್ಲಿ ಇವೆಲ್ಲವುಗಳಲ್ಲಿ ಕಡೆಯದೇ ಹೆಚ್ಚು ಭಯಂಕರವಾದದ್ದು. ಶತ್ರುವನ್ನು ದೂರುವವನಾದರೂ ಮನುಷ್ಯನನ್ನು ದೂರುತ್ತಾನೆ. ಇವನು ತಾನೇ ಬರೆದ ಕಾಗದದ ಕೈಯಲ್ಲಿ ತನ್ನ ಆತ್ಮಸಾಕ್ಷಿಯನ್ನು ಕೊಟ್ಟು, ಇನ್ನು ತನಗೆ ಏನೂ ತೋಚದೆಂದನು.

ಹಾಗಾದರೆ ಹತ್ತು ಹನ್ನೆರಡು ಮಂದಿ ಅರಸರೂ ಮಂತ್ರಿಗಳೂ ಮಾತ್ರ ಕಾರಣರು, ಮಿಕ್ಕವರು ನಿರಪರಾಧಿಗಳೆಂದು ತೀರಿಸಬಹುದೋ? ಅದೂ ಸರಿಯಲ್ಲ. ಬರ್ಲಿನ್, ಪ್ಯಾರಿಸ್, ಲಂಡನ್ ಪಟ್ಟಣಗಳ ಬೀದಿಗಳಲ್ಲಿ ಆ ದಿವಸಗಳಲ್ಲಿ ಜಯಘೋಷ ಮಾಡಿದ ಗುಂಪುಗಳು ಯಾವ ಪತ್ರಕ್ಕೂ ಸಹಿ ಹಾಕಲಿಲ್ಲ. ನೆರೆಯ ರಾಷ್ಟ್ರವನ್ನು ವರುಷಗಟ್ಟಲೆ ಹೀನಾಯವಾಗಿ ಬರೆದ ವರ್ತಮಾನಪತ್ರಿಕೆಗಳು ಗುಂಡು ಹಾರಿಸಲಿಲ್ಲ. ಸ್ತೆಫನನನ್ನು ಕೊಂದಾಗ ಸೌಲನೂ ಕಲ್ಲು ಎಸೆಯಲಿಲ್ಲ, ಎಸೆದವರ ಬಟ್ಟೆಗಳನ್ನು ಕಾಯುತ್ತಾ ನಿಂತಿದ್ದನು. ಆದರೂ ಅವನು ತನ್ನ ಜೀವಮಾನದಲ್ಲಿ ಅದನ್ನು ಮರೆಯಲಿಲ್ಲ. ಅಪರಾಧವನ್ನು ತಂದೆಯ ಆಸ್ತಿಯ ಹಾಗೆ ಪಾಲು ಮಾಡಿದರೆ, ಪಾಲುಗಾರರು ಹೆಚ್ಚಾದಷ್ಟೂ ಒಬ್ಬೊಬ್ಬನ ಭಾಗ ಕಡಿಮೆಯಾಗುವದೆಂದು ನಾವು ಎಣಿಸುತ್ತೇವೆ. ಅದು ಆಸ್ತಿಯಂತಲ್ಲ, ಜಾಮೀನಿನಂತೆ. ಸಹಕಾರ ಸಂಘದಲ್ಲಿ ಒಬ್ಬನ ಸಾಲಕ್ಕೆ ಇಬ್ಬರು ಜಾಮೀನು ನಿಂತರೆ, ಸಾಲ ತೀರದಿದ್ದಾಗ ಅವರಲ್ಲಿ ಯಾರೊಬ್ಬನ ಮನೆಗೆ ಬಂದರೂ ಪೂರ್ಣ ಮೊತ್ತವನ್ನು ಕೇಳಬಹುದು. ಅರ್ಧ ಸಾಕೆಂದು ಯಾರೂ ಹೇಳುವದಿಲ್ಲ. ಹೀಗೆಂದು ಎಲ್ಲರ ಹೊಣೆಯೂ ಒಂದೇ ತೂಕದ್ದಲ್ಲ. ಬರೆಯದ ಕಾಗದಕ್ಕೆ ಸಹಿ ಹಾಕಿದವನೂ, ಸಣ್ಣ ನೆರೆರಾಜ್ಯವನ್ನು ಹೊಡೆಯಬೇಕೆಂದು ಮೊದಲೇ ನಿಶ್ಚಯಿಸಿ ಪತ್ರ ಬರೆದವರೂ ಬೀದಿಯಲ್ಲಿ ಟೊಪ್ಪಿ ಬೀಸಿದ ಗುಮಾಸ್ತನಿಗಿಂತ ಹೆಚ್ಚು ಉತ್ತರಕೊಡಬೇಕಾದವರು.

ಸಭೆಗಳು ಆಗ ಏನು ಮಾಡಿದವು? ಈ ಭಾಗವನ್ನು ಬರೆಯುವದು ಕಷ್ಟ. ೧೯೧೦ರಲ್ಲಿ ಎಡಿನ್‌ಬರೋ ಪಟ್ಟಣದಲ್ಲಿ ಲೋಕದ ಪ್ರಾಟೆಸ್ಟೆಂಟ್ ಮಿಶನುಗಳು ಮಹಾಸಭೆ ಕೂಡಿದಾಗ ಇಂಗ್ಲಿಷರೂ ಜರ್ಮನರೂ ಒಂದೇ ಪೀಠಗಳಲ್ಲಿ ಕೂತರು. ನಮ್ಮ ದೇಶದ ವಿ. ಎಸ್. ಅಜರಯ್ಯನವರೂ ಅಲ್ಲಿ ಮಾತಾಡಿದರು. ನಾಲ್ಕು ವರುಷಗಳ ಮೇಲೆ, ೧೯೧೪ರ ಸೆಪ್ಟೆಂಬರಿನಲ್ಲಿ, ಜರ್ಮನಿಯ ದೇವಶಾಸ್ತ್ರಿಗಳೂ ಮಿಶನ್ ನಾಯಕರೂ ತಮ್ಮ ದೇಶವು ನಿರಪರಾಧಿಯೆಂದು ಪರದೇಶದ ಕ್ರೈಸ್ತರಿಗೆ ಪತ್ರ ಬರೆದರು. ಇಂಗ್ಲೆಂಡಿನ ಸಭಾನಾಯಕರು ತಮ್ಮ ದೇಶವು ನಿರಪರಾಧಿಯೆಂದು ಉತ್ತರ ಬರೆದರು. ಪ್ರಶ್ಯದ ದಂಡಾಳುಗಳ ನಡುಪಟ್ಟಿಯ ಬಿಲ್ಲೆಯಲ್ಲಿ, ದೇವರು ನಮ್ಮ ಸಂಗಡ ಇದ್ದಾನೆಂಬ ಅರ್ಥದ ಮಾತು ಅಚ್ಚಾಗಿತ್ತು. ನಾವು ಕ್ರಿಸ್ತ ಜಯಂತಿಯಲ್ಲಿ ಉಚ್ಚರಿಸುವ ಇಮ್ಮಾನುವೇಲ್ ಎಂಬ ಹೆಸರಿಗೂ ಅರ್ಥ ಅದೇ. ಕೈಸರನು ಆಗಸ್ಟ್ ೬ರಂದು ತನ್ನ ಪ್ರಜೆಗಳಿಗೆ ಮಾಡಿದ ಯುದ್ಧದ ಕರೆಯ ಕರಡನ್ನು ಬರೆದುಕೊಟ್ಟವರು ಹಾರ್ನಾಕ್ ಎಂಬ ಮಹಾಪಂಡಿತರು, ದೇವಶಾಸ್ತ್ರದ ಗುರುಗಳು. ಅಕ್ಟೋಬರಿನಲ್ಲಿ ಯುದ್ಧವನ್ನು ಸಮರ್ಥಿಸಿದ ೯೩ ಪಂಡಿತರ ಪ್ರಕಟಣೆಗೆ ಅವರೂ ಸಹಿ ಹಾಕಿದರು. ಸ್ವಿಟ್ಜರ್ಲೆಂಡಿನ ಸಾಫೆನ್‌ವಿಲ್ ಎಂಬ ಹಳ್ಳಿಯಲ್ಲ‍ಿ ಆಗ ಪಾದ್ರಿಯಾಗಿದ್ದ ಕಾರ್ಲ್ ಬಾರ್ಟರು ಆ ಪಟ್ಟಿಯಲ್ಲಿ ತಮ್ಮ ಗುರುಗಳ ಹೆಸರುಗಳನ್ನು ಕಂಡು, ಅವರು ಕಲಿಸಿದ ಶಾಸ್ತ್ರದ ಮೇಲೆಯೇ ನಂಬಿಕೆ ಕಳಕೊಂಡರು. ಈ ಬಾರ್ಟರು ಹುಟ್ಟಿದ್ದು ನಮ್ಮ ಮಿಶನಿನ ಬಾಸೆಲ್ ಪಟ್ಟಣದಲ್ಲಿ.

ಬೇರೆ ವಿಧವಾಗಿ ನಡೆದವರೂ ಇದ್ದರು, ಸ್ವಲ್ಪ ಮಂದಿ. ಆಗಸ್ಟ್ ೨ರಂದು ಸ್ವಿಸ್ ಗಡಿಯಲ್ಲಿರುವ ಕೊನ್‌ಸ್ಟಾನ್ಸ್ ಪಟ್ಟಣದಲ್ಲಿ ನಾನಾ ದೇಶಗಳ ಕ್ರೈಸ್ತರು ರಾಷ್ಟ್ರಗಳ ಸ್ನೇಹಕ್ಕೋಸ್ಕರ ಸಭೆ ಕೂಡಿದರು. ದಂಡುಗಳನ್ನು ಸಾಗಿಸುವ ರೈಲುಗಳ ಗದ್ದಲದಲ್ಲಿ ಆ ಸಭೆಯು ಮರುದಿವಸವೇ ಚದರಿಹೋಯಿತು. ಅಲ್ಲಿಂದ ಹೊರಟ ಹಾಜ್‌ಕಿನ್ ಎಂಬ ಇಂಗ್ಲಿಷ್ ಕ್ವೇಕರರೂ ಸೀಗ್‌ಮುಂಡ್ ಶುಲ್ಟ್ಸೆ ಎಂಬ ಜರ್ಮನ್ ಪಾದ್ರಿಯೂ ಕೊಲೋನ್ ರೈಲು ನಿಲ್ದಾಣದಲ್ಲಿ ಕೈಹಿಡಿದು, ರಾಜ್ಯಗಳು ಏನು ಮಾಡಿದರೂ ತಮ್ಮಿಬ್ಬರ ನಡುವೆ ಯುದ್ಧವಿಲ್ಲವೆಂದು ಮಾತುಕೊಟ್ಟು ಬೀಳ್ಕೊಂಡರು. ಇಂಗ್ಲೆಂಡಿನ ಮಂತ್ರಿಮಂಡಲದಲ್ಲಿದ್ದ ಮಾರ್ಲಿ, ಬರ್ನ್ಸ್ ಎಂಬ ಇಬ್ಬರು ತಮ್ಮ ಪದವಿಗಳನ್ನು ಬಿಟ್ಟರು. ಈ ಮಾರ್ಲಿಯವರು ೧೯೦೯ರ ಸುಧಾರಣೆಗಳಿಂದ ನಮ್ಮ ದೇಶಕ್ಕೆ ಪರಿಚಿತರಾದವರೇ. ತಲಶ್ಶೇರಿಯಲ್ಲಿ ಮಲೆಯಾಳ ಭಾಷೆಗಾಗಿ ದುಡಿದ ಗುಂಡರ್ಟರ ಮೊಮ್ಮಗನಾದ ಹರ್ಮನ್ ಹೆಸ್ಸೆ ಎಂಬ ಗ್ರಂಥಕರ್ತರು ೧೯೧೪ರ ನವೆಂಬರಿನಲ್ಲಿ, ಬರೆಯುವವರು ದ್ವೇಷವನ್ನು ಹಬ್ಬಿಸಬಾರದೆಂದು ಸ್ವಿಸ್ ಪತ್ರಿಕೆಯೊಂದರಲ್ಲಿ ಬೇಡಿಕೊಂಡರು. ಅವರ ಸ್ವದೇಶದ ಪತ್ರಿಕೆಗಳು ಅವರನ್ನು ದ್ರೋಹಿಯೆಂದು ಕರೆದವು. ಇವರಲ್ಲಿ ಯಾರಿಂದಲೂ ಯುದ್ಧವು ನಿಲ್ಲಲಿಲ್ಲ, ನಿಜ. ಆದರೂ, ಆಗ ಯಾರಿಗೂ ಬೇರೆ ದಾರಿ ತೋರಲಿಲ್ಲವೆಂದು ಹೇಳುವವರ ಬಾಯನ್ನು ಕಟ್ಟುವದಕ್ಕೆ ಇವರ ಹೆಸರುಗಳು ಸಾಕು.

ಯುದ್ಧವು ೧೯೧೮ರ ನವೆಂಬರ್ ೧೧ರಂದು ನಿಂತಾಗ ಸತ್ತ ದಂಡಾಳುಗಳು ೯೦ ಲಕ್ಷಕ್ಕಿಂತ ಹೆಚ್ಚು. ಹಿಂದೂಸ್ಥಾನದಿಂದ ಹೊರದೇಶಗಳ ರಣರಂಗಗಳಿಗೆ ಹೋದವರು ಸುಮಾರು ೧೩ ಲಕ್ಷ. ಹಿಂತಿರುಗದವರು ಸುಮಾರು ೭೪ ಸಾವಿರ. ಪ್ರಿನ್ಸಿಪ್ ಎಂಬ ಹುಡುಗನು ಅದನ್ನು ಕಾಣಲಿಲ್ಲ. ಇಪ್ಪತ್ತು ವರುಷ ತುಂಬದವನಾದ್ದರಿಂದ ಗಲ್ಲು ತಪ್ಪಿ, ಅದೇ ವರುಷದ ಏಪ್ರಿಲಿನಲ್ಲಿ ಕ್ಷಯರೋಗದಿಂದ ಸೆರೆಮನೆಯಲ್ಲಿ ಸತ್ತಿದ್ದನು.

ಕಾರಣರು ಯಾರೆಂಬ ಪ್ರಶ್ನೆಯನ್ನು ಗೆದ್ದವರು ೧೯೧೯ರ ಜೂನ್ ೨೮ರಂದು, ಕೊಲೆಯಾಗಿ ಸರಿಯಾಗಿ ಐದು ವರುಷಗಳಿಗೆ, ವರ್ಸಾಯಿಯ ಅದೇ ಅರಮನೆಯಲ್ಲಿ ಕಾಗದದ ಮೇಲೆ ತೀರಿಸಿದರು. ಒಡಂಬಡಿಕೆಯ ೨೩೧ನೆಯ ವಿಧಿಯು ನಷ್ಟಗಳಿಗೆಲ್ಲ ಜರ್ಮನಿಯನ್ನೂ ಅದರ ಸಂಗಡಿಗರನ್ನೂ ಹೊಣೆಮಾಡಿತು. ಒಬ್ಬನ ಮೇಲೆಯೇ ಎಲ್ಲವನ್ನು ಹೊರಿಸಿದ ಆ ವಿಧಿಯು ಜರ್ಮನರ ಮನಸ್ಸಿನಲ್ಲಿ ಹುದುಗಿ, ಹಿಟ್ಲರನ ಬಾಯಲ್ಲಿ ಇನ್ನೊಂದು ಯುದ್ಧದ ದೂರದ ಕಾರಣಗಳಲ್ಲಿ ಒಂದಾಯಿತು. ಇಂಥ ವಿಷಯದಲ್ಲಿ ಅರ್ಧಸತ್ಯವು ಎಷ್ಟು ವಿಷವನ್ನು ಹೊತ್ತಿರುತ್ತದೆಂಬದು ಇದರಿಂದ ಗೊತ್ತಾಗುತ್ತದೆ.

ಅದೇ ಒಡಂಬಡಿಕೆಯಲ್ಲಿ ೪೩೮ನೆಯದೊಂದು ವಿಧಿಯಿದೆ. ಜರ್ಮನ್ ಮಿಶನುಗಳ ಆಸ್ತಿಯನ್ನೂ, ಲಾಭವನ್ನು ಮಿಶನಿಗೆ ಕೊಡುತ್ತಿದ್ದ ವ್ಯಾಪಾರ ಸಂಘಗಳ ಆಸ್ತಿಯನ್ನೂ, ಅದೇ ಮತಾನುಸಾರಿಗಳಾದ ಧರ್ಮದರ್ಶಿಗಳ ಕೈಗೆ ಒಪ್ಪಿಸಿ ಮಿಶನಿನ ಕಾರ್ಯಕ್ಕೇ ಉಪಯೋಗಿಸತಕ್ಕದ್ದೆಂದು ಅದರ ತಾತ್ಪರ್ಯ. ಜೆಪ್ಪುವಿನ ಹೆಸರಾಗಲಿ ಬಲ್ಮಠದ ಹೆಸರಾಗಲಿ ಅಲ್ಲಿಲ್ಲ. ಆದರೆ ಮಂಗಳೂರಿನ ಹಂಚಿನ ಕಾರ್ಖಾನೆಗಳು ಲಂಡನಿನಲ್ಲಿ ೧೯೧೯ರಲ್ಲಿ ಹುಟ್ಟಿದ ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ನಮ್ಮ ಹಳೆಯ ಮನೆಗಳ ಮಾಡಿನಿಂದ ಹಂಚನ್ನು ಇಳಿಸುವಾಗ ಕೆಲವದರಲ್ಲಿ ಬಾಸೆಲ್ ಮಿಶನಿನ ಅಚ್ಚೂ ಕೆಲವದರಲ್ಲಿ ಕಾಮನ್‌ವೆಲ್ತಿನ ಅಚ್ಚೂ ಕಾಣುವದು ಈ ಕಾರಣದಿಂದಲೇ. ಸಭಾಕಾರ್ಯವನ್ನು ಸ್ವಿಸ್ ಕ್ರೈಸ್ತರು ನಡಿಸಿದ ಕೆನರೀಸ್ ಇವಾಂಜೆಲಿಕಲ್ ಮಿಶನ್ ವಹಿಸಿಕೊಂಡಿತು. ಬಾಸೆಲಿನವರು ಮತ್ತೆ ಬಂದದ್ದು ಕೆಲವು ವರುಷಗಳು ಕಳೆದ ಮೇಲೆ. ೧೯೩೯ರಲ್ಲಿ ಎರಡನೆಯ ಯುದ್ಧ ಹೊತ್ತಿದಾಗ ಹಿಂದೂಸ್ಥಾನದಲ್ಲಿದ್ದ ಜರ್ಮನ್ ಬೋಧಕರನ್ನು ಪುನಃ ಕಾವಲಲ್ಲಿಟ್ಟರು. ಈ ಬರುವ ಹೋಗುವ ಕಾಲದಲ್ಲೆಲ್ಲ ಆದಿತ್ಯವಾರದ ಆರಾಧನೆಯನ್ನೂ ಶಾಲೆಯ ಪಾಠವನ್ನೂ ಶವಸಂಸ್ಕಾರವನ್ನೂ ನಿಲ್ಲಿಸದೆ ನಡಿಸಿದವರು ಈ ದೇಶದ ಬೋಧಕರೂ ಉಪದೇಶಿಗಳೂ ಉಪಾಧ್ಯಾಯರೂ. ಯುದ್ಧದ ಚರಿತ್ರೆಗಳಲ್ಲಿ ಅವರ ಹೆಸರುಗಳಿಲ್ಲ. ಹಳೆಯ ಸಭೆಗಳ ರಿಜಿಸ್ಟ್ರಿಗಳಲ್ಲಿ, ದೀಕ್ಷಾಸ್ನಾನ ಮಾಡಿಸಿದವರೆಂಬ ಅಂಕಣದಲ್ಲಿ, ಆ ವರುಷಗಳ ಎದುರಿಗೆ ಹುಡುಕಿದರೆ ಸಿಕ್ಕುವವು.